ಕಾರಿನ ‘ನೀರಿನ ಕಿಟ್’ ತೊಂದರೆ ಕೊಡುತ್ತಿದೆಯೇ? ದೋಷ ಹುಡುಕುವ ಕ್ರಮ

ಬಾನೆಟ್ ಎತ್ತಿದರೆ ಬ್ಯಾಟರಿ ಪಕ್ಕದಲ್ಲಿ ಒಂದು ಪ್ಲಾಸ್ಟಿಕ್ ಜಾಡಿ. ಒಳಗೆ ಸ್ಟೀಲ್ ಪ್ಲೇಟುಗಳು, ಮುಕ್ಕಾಲು ಪಾಲು ನೀರು, ಎರಡು ದಪ್ಪ ವೈರು. ಮುಚ್ಚಳದಿಂದ ಹೊರಟ ಪೈಪು ಏರ್ ಫಿಲ್ಟರ್ ದಾಟಿ ಎಂಜಿನ್ನಿನ ಕಡೆ ಹೋಗಿದೆ. ಇದನ್ನು ಎಚ್‌ಎಚ್‌ಓ ಕಿಟ್, ಹೈಡ್ರೋಜನ್ ಕಿಟ್, ವಾಟರ್ ಕಿಟ್ ಎಂದೆಲ್ಲ ಕರೆಯುತ್ತಾರೆ. ಕಾರಿನ ಕರೆಂಟಿನಿಂದ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವುದು, ಆ ಗ್ಯಾಸನ್ನು ಎಂಜಿನ್ ಎಳೆದುಕೊಳ್ಳುವ ಗಾಳಿಗೆ ಸೇರಿಸುವುದು. ಇಷ್ಟೇ ಇದರ ಕೆಲಸ. ಇದರಿಂದ ಪೆಟ್ರೋಲ್ ಉಳಿಯುತ್ತದೆ ಎನ್ನುವುದು ಮಾರುವವರ ಮಾತು.

ಕಿಟ್ ಕೂರಿಸುವುದು ಹೇಗೆ ಎಂದು ಇಲ್ಲಿ ಹೇಳುತ್ತಿಲ್ಲ. ಈಗಾಗಲೇ ಕೂರಿಸಿಕೊಂಡವರಿಗೆ, ಭಾವಮೈದುನ ವಿಡಿಯೋ ನೋಡಿ ಕೂರಿಸಿಕೊಟ್ಟವರಿಗೆ, ಸೆಕೆಂಡ್ ಹ್ಯಾಂಡ್ ಕಾರು ಕೊಂಡ ಮೇಲೆ ಬಾನೆಟ್ ಎತ್ತಿ ‘ಇದೇನಪ್ಪಾ’ ಅಂದವರಿಗೆ ಇದು. ಚೆಕ್ ಎಂಜಿನ್ ಲೈಟ್ ಹತ್ತಿದೆ, ಬ್ಯಾಟರಿ ಇಳಿಯುತ್ತಿದೆ, ಪಿಕಪ್ ಇಲ್ಲ, ಜಾಡಿಯ ನೀರು ಕಂದು ಬಣ್ಣಕ್ಕೆ ತಿರುಗಿದೆ, ಮೈಲೇಜ್ ಮಾತ್ರ ಇದ್ದಲ್ಲೇ ಇದೆ. ದೂರುಗಳು ಸಾಮಾನ್ಯವಾಗಿ ಇವೇ.

ಕೈ ಹಾಕುವ ಮೊದಲು

ಎಂಜಿನ್ ಆಫ್ ಮಾಡಿ, ಕೀ ತೆಗೆಯಿರಿ. ಬಾನೆಟ್ ಎತ್ತಿ ಹತ್ತು ನಿಮಿಷ ಹಾಗೇ ಬಿಡಿ. ಶೆಡ್ಡಿನೊಳಗೆ ಬೇಡ, ಬಯಲಲ್ಲಿ ಮಾಡಿ. ಗಾಳಿಯಲ್ಲಿ 4ರಿಂದ 75 ಪರ್ಸೆಂಟ್ ಹೈಡ್ರೋಜನ್ ಇದ್ದರೆ ಅದು ಹೊತ್ತಿಕೊಳ್ಳುತ್ತದೆ. ಹೊತ್ತಿಸಲು 0.02 ಮಿಲಿಜೂಲ್ ಕಿಡಿ ಸಾಕು. ಸ್ವೆಟರ್ ಬಿಚ್ಚುವಾಗ ಚಟ್ ಅನ್ನುವ ಕಿಡಿಯೇ ಅದಕ್ಕಿಂತ ಜಾಸ್ತಿ.

ಇನ್ನೊಂದು ವಿಷಯವನ್ನು ಬಹಳ ಜನ ಮರೆಯುತ್ತಾರೆ. ಗ್ಯಾಸ್ ಸಿಲಿಂಡರ್ ಸೋರಿದರೆ, ಆ ಗ್ಯಾಸ್ ಹೊರಗಿನ ಗಾಳಿಯ ಜೊತೆ ಬೆರೆತಾಗ ಮಾತ್ರ ಹೊತ್ತಿಕೊಳ್ಳುವ ಅಪಾಯ. ಈ ಜಾಡಿಯೊಳಗೆ ಹಾಗಲ್ಲ. ಹೈಡ್ರೋಜನ್, ಆಕ್ಸಿಜನ್ ಎರಡೂ ಸಿಡಿಯಲು ಬೇಕಾದ ಸರಿಯಾದ ಪ್ರಮಾಣದಲ್ಲೇ ಬೆರೆತು ಕೂತಿರುತ್ತವೆ. ಹೊರಗಿನ ಗಾಳಿಯ ಹಂಗೇ ಇಲ್ಲ. ಆದ್ದರಿಂದ ‘ಗ್ಯಾಸ್ ಬರ್ತಿದೆಯಾ ನೋಡೋಣ’ ಎಂದು ಪೈಪಿನ ತುದಿಗೆ ಲೈಟರ್ ಹಿಡಿಯಲೇಬೇಡಿ. ಪೈಪಿನ ತುದಿಯನ್ನು ಒಂದು ಲೋಟ ನೀರಿಗೆ ಅದ್ದಿ ಗುಳ್ಳೆ ನೋಡಿದರೆ ಸಾಕು.

ಜಾಡಿಯ ನೀರಿನಲ್ಲಿ ಬಹುಪಾಲು ಕಾಸ್ಟಿಕ್ ಸೋಡಾ ಅಥವಾ ಕಾಸ್ಟಿಕ್ ಪೊಟ್ಯಾಶ್ ಬೆರೆಸಿರುತ್ತಾರೆ. ಚರ್ಮವನ್ನು ಸುಡುತ್ತದೆ, ಕಣ್ಣಿಗೆ ಬಿದ್ದರೆ ದೃಷ್ಟಿಯೇ ಹೋಗಬಹುದು. ರಬ್ಬರ್ ಗ್ಲೌಸ್, ಕನ್ನಡಕ ಬೇಕೇ ಬೇಕು. ಮೈಮೇಲೆ ಚೆಲ್ಲಿದರೆ ನಲ್ಲಿ ಕೆಳಗೆ ಧಾರಾಳವಾಗಿ ತೊಳೆಯಿರಿ. ಕಣ್ಣಿಗೆ ಬಿದ್ದರೆ ಇಪ್ಪತ್ತು ನಿಮಿಷ ಬಿಡದೆ ನೀರು ಹಾಕಿ, ಆಮೇಲೆ ನೇರ ಆಸ್ಪತ್ರೆಗೆ ಹೋಗಿ. ವಿನೆಗರ್, ನಿಂಬೆಹುಳಿ ಹಚ್ಚುವ ಸಾಹಸ ಬೇಡ.

ಮೊದಲ ಪರೀಕ್ಷೆ: ಕಿಟ್ಟನ್ನು ಪೂರ್ತಿ ಬೇರೆ ಮಾಡಿ

ದೂರು ಯಾವುದೇ ಇರಲಿ, ಶುರು ಇಲ್ಲಿಂದಲೇ. ಕಿಟ್ ಇರುವ ಕಾರಿನಲ್ಲಿ ದೋಷ ಎರಡು ಕಡೆ ಇರಬಹುದು, ಕಿಟ್ಟಿನಲ್ಲಿ ಅಥವಾ ಕಾರಿನಲ್ಲಿ. ಇದನ್ನು ವಿಂಗಡಿಸದೆ ಪ್ಲಗ್ ಬದಲಿಸಿ, ಸೆನ್ಸರ್ ಬದಲಿಸಿ, ಇಂಜೆಕ್ಟರ್ ಕ್ಲೀನ್ ಮಾಡಿಸಿ ದುಡ್ಡು ಕಳೆದುಕೊಂಡವರು ತುಂಬಾ ಜನ.

ಸುಮ್ನೆ ಸ್ವಿಚ್ ಆಫ್ ಮಾಡಿದರೆ ಕಿಟ್ ಬೇರೆಯಾಗುವುದಿಲ್ಲ. ಮೂರು ಕಡೆ ಕಡಿಯಬೇಕು:

1. ಕರೆಂಟ್. ಬ್ಯಾಟರಿ ಹತ್ತಿರದ ಫ್ಯೂಸ್ ತೆಗೆಯಿರಿ. ಫ್ಯೂಸೇ ಇಲ್ಲದಿದ್ದರೆ ಒಂದು ದೋಷ ಅಲ್ಲೇ ಸಿಕ್ಕಿತು. ವೈರನ್ನು ಬ್ಯಾಟರಿಯಿಂದಲೇ ಬಿಚ್ಚಿ ಟೇಪ್ ಸುತ್ತಿ.
2. ಪೈಪು. ಅದು ಎಂಜಿನ್ನಿಗೆ ಸೇರುವ ಕಡೆ ಬಿಚ್ಚಿ, ಆ ತೂತನ್ನು ರಬ್ಬರ್ ಕ್ಯಾಪ್ ಹಾಕಿ, ಕ್ಲಿಪ್ ಬಿಗಿದು ಮುಚ್ಚಿ. ತೆರೆದು ಬಿಟ್ಟರೆ ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತದೆ, ಆಗ ಪರೀಕ್ಷೆಯೇ ಕೆಟ್ಟಂತೆ.
3. ಸೆನ್ಸರ್ ವೈರು. ಆಕ್ಸಿಜನ್ ಸೆನ್ಸರ್ ಅಥವಾ ಮ್ಯಾಪ್ ಸೆನ್ಸರಿನ (ಎಂಜಿನ್ ಎಳೆದುಕೊಳ್ಳುವ ಗಾಳಿಯ ಒತ್ತಡ ಅಳೆಯುವಂಥದ್ದು) ವೈರನ್ನು ಕತ್ತರಿಸಿ ಮಧ್ಯೆ ಒಂದು ಸಣ್ಣ ಪೆಟ್ಟಿಗೆ ಸೇರಿಸಿದ್ದಾರಾ ನೋಡಿ. ಇದ್ದರೆ ಅದನ್ನು ತೆಗೆದು ಮೂಲ ವೈರನ್ನು ಬೆಸುಗೆ ಹಾಕಿ ಸೇರಿಸಿ.

ಈ ಮೂರನೆಯದು ಕಣ್ಣಿಗೆ ಬೀಳುವುದೇ ಇಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಹತ್ತಿರ ಟೇಪ್ ಸುತ್ತಿ ಅಡಗಿಸಿರುತ್ತಾರೆ. ಜಾಡಿ, ಪೈಪು ಎಲ್ಲ ತೆಗೆದರೂ ತೊಂದರೆ ನಿಲ್ಲದಿದ್ದರೆ ಅಲ್ಲಿ ಇದೊಂದು ಉಳಿದಿರುವ ಸಂಭವ ಜಾಸ್ತಿ.

ಆಮೇಲೆ ಸ್ಕ್ಯಾನರ್ ಹಾಕಿ ಕೋಡ್‌ಗಳನ್ನು ಬರೆದುಕೊಳ್ಳಿ. ಬರೆದುಕೊಂಡ ಮೇಲಷ್ಟೇ ಅಳಿಸಿ. ಇಸಿಯು ಕಲಿತಿರುವ ಫ್ಯೂಯೆಲ್ ಟ್ರಿಮ್ (ಪೆಟ್ರೋಲ್ ಪ್ರಮಾಣದ ತಿದ್ದುಪಡಿ) ಕೂಡ ಅಳಿಯಲಿ. ಎರಡು ಮೂರು ದಿನ ಮಾಮೂಲಿಯಂತೆ ಓಡಿಸಿ. ದೂರು ಹೋಯಿತೆಂದರೆ ಕಿಟ್ಟೇ ಕಾರಣ. ಹೋಗಲಿಲ್ಲ ಎಂದರೆ ಕಾರಿನಲ್ಲೇ ಬೇರೆ ದೋಷ ಇದೆ, ಅಥವಾ ಕಿಟ್ ಮಾಡಿದ ಹಾನಿ ಹಾಗೇ ಉಳಿದಿದೆ.

ಚೆಕ್ ಎಂಜಿನ್ ಲೈಟ್, ಮಿಸ್ಸಿಂಗ್, ಪಿಕಪ್ ಇಲ್ಲ

ಈ ದೂರನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಎಂಜಿನ್ನಿಗೆ ನಿಜವಾದ ಪೆಟ್ಟು ಬೀಳುವುದು ಇಲ್ಲೇ.

ಪೆಟ್ರೋಲ್ ಕಾರಿನ ಇಸಿಯು ಸೈಲೆನ್ಸರ್ ಪೈಪಿನಲ್ಲಿರುವ ಆಕ್ಸಿಜನ್ ಸೆನ್ಸರನ್ನು ಸದಾ ನೋಡುತ್ತಿರುತ್ತದೆ. ಸಾಮಾನ್ಯ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಆಡುತ್ತದೆ. 0.45ಕ್ಕಿಂತ ಮೇಲಿದ್ದರೆ ಪೆಟ್ರೋಲ್ ಜಾಸ್ತಿ, ಕೆಳಗಿದ್ದರೆ ಗಾಳಿ ಜಾಸ್ತಿ ಎಂದು ಲೆಕ್ಕ. ಅದಕ್ಕೆ ತಕ್ಕಂತೆ ಇಸಿಯು ಇಂಜೆಕ್ಟರ್ ತೆರೆದಿರುವ ಹೊತ್ತನ್ನು ಹೆಚ್ಚು ಕಡಿಮೆ ಮಾಡುತ್ತದೆ. ಈ ತಿದ್ದುಪಡಿಗೇ ಫ್ಯೂಯೆಲ್ ಟ್ರಿಮ್ ಎನ್ನುವುದು. ಆರೋಗ್ಯವಾಗಿರುವ ಕಾರಿನಲ್ಲಿ ಅದು ಪ್ಲಸ್ ಮೈನಸ್ 10 ಪರ್ಸೆಂಟಿನೊಳಗೆ ಇರುತ್ತದೆ.

ಕಿಟ್ ಮಾರುವವರ ವಾದ ಹೀಗಿದೆ: ‘ಕಿಟ್ಟಿನಿಂದ ಆಕ್ಸಿಜನ್ ಜಾಸ್ತಿಯಾಗುತ್ತದೆ. ಸೆನ್ಸರ್ ಅದನ್ನು ತಪ್ಪಾಗಿ ಓದುತ್ತದೆ. ಆಗ ಇಸಿಯು ಸುಮ್ಮನೆ ಪೆಟ್ರೋಲ್ ಸುರಿಯುತ್ತದೆ. ಅದನ್ನು ತಡೆಯಲು ಈ ಪೆಟ್ಟಿಗೆ.’ ಕೇಳಲು ಸರಿಯಾಗಿದೆ ಅನಿಸುತ್ತದೆ, ಅಲ್ವಾ? ಆದರೆ ನೀರಿನಿಂದ ಬಂದ ಹೈಡ್ರೋಜನ್ ಮತ್ತು ಆಕ್ಸಿಜನ್ ಸರಿಯಾಗಿ ಎರಡಕ್ಕೆ ಒಂದರ ಪ್ರಮಾಣದಲ್ಲಿರುತ್ತವೆ. ಸಿಲಿಂಡರಿನಲ್ಲಿ ಉರಿದರೆ ಮತ್ತೆ ನೀರೇ ಆಗುತ್ತವೆ. ಸೆನ್ಸರ್ ಓದಲು ಹೆಚ್ಚುವರಿ ಆಕ್ಸಿಜನ್ ಉಳಿಯುವುದೇ ಇಲ್ಲ.

ಹಾಗಿದ್ದರೆ ಪೆಟ್ಟಿಗೆ ಮಾಡುವುದೇನು? ಇ.ಎಫ್.ಐ.ಇ. ಎಂದು ಕರೆಯುವ ಈ ಪೆಟ್ಟಿಗೆ ಸೆನ್ಸರಿನ ವೋಲ್ಟೇಜಿಗೆ ಇನ್ನಷ್ಟು ಸೇರಿಸಿ ಇಸಿಯುಗೆ ಕೊಡುತ್ತದೆ. ಇಸಿಯು ‘ಪೆಟ್ರೋಲ್ ಜಾಸ್ತಿಯಾಯಿತು’ ಎಂದುಕೊಂಡು ಕಡಿಮೆ ಮಾಡುತ್ತದೆ. ಅಂದರೆ ಎಂಜಿನ್ ಬರಗಾಲದಲ್ಲಿ ಓಡುತ್ತದೆ, ಅಷ್ಟೇ. ಇದಕ್ಕೆ ನೀರೂ ಬೇಡ, ಜಾಡಿಯೂ ಬೇಡ. ಮ್ಯಾಪ್ ಸೆನ್ಸರಿಗೆ ಹಾಕುವ ಪೆಟ್ಟಿಗೆ ಇನ್ನೂ ಕೆಟ್ಟದ್ದು. ಎಂಜಿನ್ ಮೇಲೆ ಲೋಡ್ ಕಡಿಮೆ ಇದೆ ಎಂದು ಅದು ಇಸಿಯುಗೆ ಸುಳ್ಳು ಹೇಳುತ್ತದೆ. ಆಗ ಪೆಟ್ರೋಲ್ ಕಡಿಮೆಯಾಗುವುದರ ಜೊತೆಗೆ ಪ್ಲಗ್ಗಿನ ಕಿಡಿಯೂ ಬೀಳಬೇಕಾದ್ದಕ್ಕಿಂತ ಬೇಗ ಬೀಳುತ್ತದೆ. ಘಾಟಿ ಹತ್ತುವಾಗ ಟಕ ಟಕ ಎಂದು ನಾಕಿಂಗ್ ಕೇಳುವುದು ಇದರಿಂದ.

ಈಗ ಕೋಡ್‌ಗಳಿಗೆ ಬರೋಣ. ಪಿ0171 ಬಂದರೆ ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆ ಎಂದರ್ಥ. ಮೊದಲು ಪೈಪು ಸೇರುವ ಜಾಗ ನೋಡಿ. ಥ್ರಾಟಲ್ ಬಾಡಿಯ (ಎಂಜಿನ್ನಿಗೆ ಗಾಳಿ ಬಿಡುವ ಬಾಗಿಲು) ನಂತರ ಮ್ಯಾನಿಫೋಲ್ಡಿನಲ್ಲಿ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ತೂತು ಕೊರೆದು ಸೇರಿಸಿದ್ದರೆ, ಅಲ್ಲಿ ಜೋರು ವ್ಯಾಕ್ಯೂಮ್ ಇರುತ್ತದೆ. ಜಾಡಿಯ ಮುಚ್ಚಳ ಸ್ವಲ್ಪ ಸಡಿಲವಾದರೂ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಇದು ಕಾರಿನಿಂದ ಕಾರಿಗೆ ಬೇರೆ ಬೇರೆ ರೀತಿ ಕಾಣಿಸುತ್ತದೆ. ಒಳಗೆ ಹೋಗುವ ಗಾಳಿಯ ಪ್ರಮಾಣವನ್ನೇ ಅಳೆಯುವ ಮಾಫ್ ಸೆನ್ಸರ್ ಇರುವ ಕಾರಿನಲ್ಲಿ ಟ್ರಿಮ್ ಪ್ಲಸ್ 20 ದಾಟಿ ಕೋಡ್ ಬರುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಹೆಚ್ಚಾಗಿ ಇರುವುದು ಮ್ಯಾಪ್ ಸೆನ್ಸರ್. ಅವುಗಳಲ್ಲಿ ಕೋಡ್ ಬರದೆಯೂ ಇರಬಹುದು, ಬದಲಿಗೆ ಐಡಲಿಂಗ್ ಮೇಲೇರಿ ನಿಲ್ಲುತ್ತದೆ. ಸಿಗ್ನಲ್‌ನಲ್ಲಿ ನಿಂತಾಗ 750 ಇರಬೇಕಾದ ಆರ್‌ಪಿಎಂ 1,100ರಲ್ಲಿ ಗುಂಯ್‌ಗುಟ್ಟುತ್ತಿದ್ದರೆ ಪೈಪನ್ನು ಇಕ್ಕಳದಿಂದ ಮಡಚಿ ಹಿಡಿಯಿರಿ. ಆರ್‌ಪಿಎಂ ಇಳಿದರೆ ಸೋರಿಕೆ ಅಲ್ಲೇ.

ಒಂದು ಎಚ್ಚರಿಕೆ ಇದೆ. ಈಗ ಬಂಕ್‌ಗಳಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲ್. ಅದನ್ನು ಉರಿಸಲು 10 ಪರ್ಸೆಂಟ್ ಎಥನಾಲ್ ಪೆಟ್ರೋಲಿಗಿಂತ ಸುಮಾರು 4 ಪರ್ಸೆಂಟ್ ಜಾಸ್ತಿ ಇಂಧನ ಸುರಿಯಬೇಕು. ಹಳೆಯ ಕಾರಿನಲ್ಲಿ ಟ್ರಿಮ್ ಅಷ್ಟು ಮೇಲೇರಿದ್ದರೆ ಅದನ್ನು ಕಿಟ್ಟಿನ ತಲೆಗೆ ಕಟ್ಟಬೇಡಿ.

ಪಿ0300 ಅಥವಾ ಪಿ0301ರಿಂದ ಪಿ0304ರವರೆಗಿನ ಕೋಡ್ ಬಂದರೆ ಸಿಲಿಂಡರಿನಲ್ಲಿ ಮಿಸ್‌ಫೈರ್ ಆಗುತ್ತಿದೆ. ಪ್ಲಗ್ ಬಿಚ್ಚಿ ನೋಡಿ. ತುದಿ ಬಿಳುಚಿದ್ದರೆ, ಎಲೆಕ್ಟ್ರೋಡಿನ ಅಂಚು ಕರಗಿದಂತೆ ಕಂಡರೆ, ಎಂಜಿನ್ ಬಹಳ ದಿನ ಕಡಿಮೆ ಪೆಟ್ರೋಲಿನಲ್ಲಿ ಸುಟ್ಟಿದೆ. ಆಗ ಕಂಪ್ರೆಷನ್ ಟೆಸ್ಟ್ ಮಾಡಿಸಲೇಬೇಕು. ಒಂದು ಸಿಲಿಂಡರ್ ಉಳಿದವುಗಳಿಗಿಂತ ತೀರಾ ಕಡಿಮೆ ತೋರಿಸಿದರೆ ಎಕ್ಸಾಸ್ಟ್ ವಾಲ್ವ್ ಸುಟ್ಟಿರಬಹುದು. ಅಷ್ಟು ಹೊತ್ತಿಗೆ ಹೆಡ್ ಇಳಿಸುವ ಖರ್ಚು ಬಂತು.

ಪಿ0420 ಕ್ಯಾಟಲಿಟಿಕ್ ಕನ್ವರ್ಟರಿಗೆ ಸಂಬಂಧಿಸಿದ್ದು. ಮಿಸ್‌ಫೈರ್ ಆದ ಪೆಟ್ರೋಲ್ ಅಲ್ಲಿ ಹೋಗಿ ಉರಿದು ಅದನ್ನು ಕರಗಿಸುತ್ತದೆ. ಇನ್ನೊಂದು ಮೋಸವೂ ಇದೆ. ಕಡಿಮೆ ಪೆಟ್ರೋಲಿನಲ್ಲಿ ಓಡುವ ಎಂಜಿನ್ನಿನ ಹೊಗೆಯಲ್ಲಿ ಕಾರ್ಬನ್ ಮಾನಾಕ್ಸೈಡ್ ಕಡಿಮೆ ಇರುತ್ತದೆ. ಆದ್ದರಿಂದ ಎಮಿಷನ್ ಟೆಸ್ಟಿನಲ್ಲಿ ‘ನೋಡಿ, ಎಷ್ಟು ಕ್ಲೀನ್’ ಎಂದು ರಸೀದಿ ತೋರಿಸಬಹುದು. ಆದರೆ ಗಾಳಿ ಜಾಸ್ತಿಯಾದಾಗ ಕನ್ವರ್ಟರ್ ನೈಟ್ರೋಜನ್ ಆಕ್ಸೈಡುಗಳನ್ನು ಒಡೆಯಲಾರದು. ಅವು ಏರುತ್ತವೆ. ಎಮಿಷನ್ ಟೆಸ್ಟ್ ಸೆಂಟರಿನ ಯಂತ್ರ ಅವನ್ನು ಅಳೆಯುವುದೇ ಇಲ್ಲ.

ಡೀಸೆಲ್ ಕಾರಾದರೆ ಸೆನ್ಸರ್ ಪೆಟ್ಟಿಗೆಯ ಕಾಟ ಕಡಿಮೆ. ಅಲ್ಲಿ ನೋಡಬೇಕಾದ್ದು ಟರ್ಬೋ. ಪೈಪು ಟರ್ಬೋಗೆ ಮೊದಲು ಸೇರಿದ್ದರೆ ಕಾಸ್ಟಿಕ್ ಹನಿಗಳು ನೇರವಾಗಿ ಅಲ್ಯೂಮಿನಿಯಂ ಚಕ್ರಕ್ಕೆ ಬಡಿಯುತ್ತವೆ.

ಬ್ಯಾಟರಿ ಇಳಿಯುತ್ತದೆ, ಫ್ಯೂಸ್ ಹಾರುತ್ತದೆ, ಹೆಡ್‌ಲೈಟ್ ಮಂಕು

ಇಲ್ಲಿ ಬೇಕಾದ್ದು ಡಿ.ಸಿ. ಅಳೆಯುವ ಕ್ಲ್ಯಾಂಪ್ ಮೀಟರ್. ಎಂಜಿನ್ ಚಾಲೂ ಇರುವಾಗ ಕಿಟ್ಟಿನ ವೈರಿಗೆ ಹಾಕಿ. ತಣ್ಣಗಿರುವಾಗ 12 ಆಂಪ್ ತೋರಿಸಿದ ಕಿಟ್, ಒಂದು ಗಂಟೆ ಓಡಿದ ಮೇಲೆ 25 ದಾಟುವುದುಂಟು. ನೀರು ಬಿಸಿಯಾದಷ್ಟೂ ಕರೆಂಟ್ ಸುಲಭವಾಗಿ ಹರಿಯುತ್ತದೆ. ಕರೆಂಟ್ ಜಾಸ್ತಿಯಾದಷ್ಟೂ ನೀರು ಇನ್ನೂ ಬಿಸಿ. ಬೆಳಗ್ಗೆ ಸರಿಯಿದ್ದ ಫ್ಯೂಸ್ ಮಧ್ಯಾಹ್ನ ಹೈವೇಯಲ್ಲಿ ಹಾರುವುದಕ್ಕೆ ಇದೇ ಕಾರಣ. ದೊಡ್ಡ ಫ್ಯೂಸ್ ಹಾಕುವುದು ಪರಿಹಾರ ಅಲ್ಲ. 20 ಆಂಪಿಗೆ ಮನೆ ವೈರಿಂಗಿನ 1.5 ಚದರ ಮಿ.ಮೀ. ವೈರು ಹಾಕಿದ್ದರೆ ಮುಂದೆ ಕರಗುವುದು ಆ ವೈರೇ.

ವೋಲ್ಟೇಜ್ ಕೂಡ ನೋಡಿ. ಎಂಜಿನ್ ಓಡುವಾಗ ಬ್ಯಾಟರಿ ತುದಿಗಳಲ್ಲಿ ಸಾಮಾನ್ಯವಾಗಿ 13.8ರಿಂದ 14.4 ಇರಬೇಕು. ಕಿಟ್, ಹೆಡ್‌ಲೈಟ್, ಎಸಿ ಮೂರೂ ಆನ್ ಇದ್ದಾಗ ಐಡಲಿಂಗಿನಲ್ಲಿ 13ಕ್ಕಿಂತ ಇಳಿದರೆ ಆಲ್ಟರ್ನೇಟರ್ ತಾಳುತ್ತಿಲ್ಲ, ಬ್ಯಾಟರಿಯಿಂದ ಎರವಲು ಹೋಗುತ್ತಿದೆ. ಹೊಸ ಕಾರುಗಳಲ್ಲಿ ಆಲ್ಟರ್ನೇಟರನ್ನು ಇಸಿಯು ನಿಯಂತ್ರಿಸುವುದರಿಂದ ಈ ಅಂಕಿ ಆಗಾಗ ಏರಿಳಿಯುತ್ತದೆ. ಒಂದು ಓದಿಗೇ ತೀರ್ಮಾನ ಮಾಡಬೇಡಿ.

ಈಗ ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಜಾಡಿಯಲ್ಲಿ ಗುಳ್ಳೆ ಏಳುತ್ತಿದೆಯಾ? ಎದ್ದರೆ ತಕ್ಷಣ ಫ್ಯೂಸ್ ತೆಗೆಯಿರಿ. ಕಿಟ್ಟಿಗೆ ಕರೆಂಟ್ ಬಿಡುವ ರಿಲೇಯನ್ನು ಇಗ್ನಿಷನ್ ಲೈನಿಗೆ ಸೇರಿಸಿಬಿಟ್ಟಿದ್ದಾರೆ. ಹಾಡು ಕೇಳುತ್ತಾ ಕಾರಿನಲ್ಲಿ ಕೂತಿದ್ದರೆ ಗ್ಯಾಸ್ ಮ್ಯಾನಿಫೋಲ್ಡಿನಲ್ಲಿ, ಬಾನೆಟ್ ಕೆಳಗೆ ತುಂಬುತ್ತಲೇ ಇರುತ್ತದೆ. ಮುಂದಿನ ಸೆಲ್ಫ್‌ಗೆ ಢಬ್ ಎನ್ನುವುದು ಇಂಥ ಕಾರುಗಳೇ.

ಕಂದು ನೀರು, ನೊರೆ, ಬಿಳಿ ಪುಡಿ

ನೀರು ಕಂದಾದರೆ ಪ್ಲೇಟುಗಳು ಕರಗುತ್ತಿವೆ. ಮೊದಲು ಏನು ಬೆರೆಸಿದ್ದಾರೆ ಕೇಳಿ. ಅಡುಗೆ ಉಪ್ಪು ಹಾಕಿದ್ದರೆ ಬರುವ ಗ್ಯಾಸಿನಲ್ಲಿ ಕ್ಲೋರಿನ್ ಇರುತ್ತದೆ. ಬ್ಲೀಚಿಂಗ್ ಪೌಡರ್ ವಾಸನೆ ಹೊಡೆಯುತ್ತದೆ. ಅದು ಪುಪ್ಪುಸಕ್ಕೆ ವಿಷ, ಸ್ಟೇನ್‌ಲೆಸ್ ಸ್ಟೀಲನ್ನೂ ತೂತು ಬೀಳಿಸುತ್ತದೆ. ಕೊಳವೆಬಾವಿ ನೀರು ಹಾಕಿದ್ದರೆ ಪ್ಲೇಟಿನ ಮೇಲೆ ಬಿಳಿ ಗಾರೆ ಕಟ್ಟುತ್ತದೆ. ಗೀಸರ್ ಕಾಯಿಲಿಗೆ ಹಿಡಿಯುವುದೂ ಇದೇ. ಅಡುಗೆ ಸೋಡಾ ಹಾಕಿದ್ದರೆ ಗ್ಯಾಸಿನಲ್ಲಿ ಕಾರ್ಬನ್ ಡೈಆಕ್ಸೈಡ್ ಬೆರೆಯುತ್ತದೆ. ಗುಳ್ಳೆ ನೋಡಲು ಚೆನ್ನಾಗಿರುತ್ತದೆ, ಅದರಲ್ಲಿ ಉರಿಯದ್ದೂ ಸೇರಿರುತ್ತದೆ.

ನೀರು ಹಳದಿ ಕಂಡರೆ ಬರಿಗೈಯಲ್ಲಿ ಮುಟ್ಟಬೇಡಿ. ಸ್ಟೇನ್‌ಲೆಸ್ ಸ್ಟೀಲಿನಲ್ಲಿರುವ ಕ್ರೋಮಿಯಂ ಕಾಸ್ಟಿಕ್ ನೀರಿನಲ್ಲಿ ಕರೆಂಟಿಗೆ ಸಿಕ್ಕಿ ಹೆಕ್ಸಾವೇಲೆಂಟ್ ಕ್ರೋಮಿಯಂ ಆಗಬಹುದು. ಅದು ಕ್ಯಾನ್ಸರ್ ತರುವ ವಸ್ತು. ಮೋರಿಗೆ, ತೋಟಕ್ಕೆ, ಖಾಲಿ ಸೈಟಿಗೆ ಸುರಿಯಬೇಡಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಕ್ಯಾನಿಗೆ ತುಂಬಿ, ಮೇಲೆ ಏನೆಂದು ಬರೆದು, ಅಪಾಯಕಾರಿ ತ್ಯಾಜ್ಯ ತೆಗೆದುಕೊಳ್ಳುವ ಕಡೆಗೇ ಕೊಡಿ. ಕುಡಿಯುವ ನೀರಿನ ಬಾಟಲಿಗೆ ಮಾತ್ರ ತುಂಬಿಡಬೇಡಿ, ದಮ್ಮಯ್ಯ.

ನೊರೆ ಬಂದರೆ ಅದು ಪೈಪಿನ ಮೂಲಕ ಮುಂದಕ್ಕೆ ಹೋಗುತ್ತದೆ. ಥ್ರಾಟಲ್ ಬಾಡಿ ಬಿಚ್ಚಿ ನೋಡಿ. ಅಲ್ಯೂಮಿನಿಯಂ ಮೇಲೆ ಬೂದುಬಣ್ಣದ ಕಲೆ, ಸಣ್ಣ ಕುಳಿಗಳು ಇದ್ದರೆ ಕಾಸ್ಟಿಕ್ ತಿನ್ನಲು ಶುರು ಮಾಡಿದೆ. ಬಟರ್‌ಫ್ಲೈ (ಅದರೊಳಗೆ ತಿರುಗುವ ತಟ್ಟೆ) ಅಂಟಿಕೊಂಡು ಐಡಲಿಂಗ್ ಏರುಪೇರಾಗುವುದೂ ಇದರಿಂದಲೇ. ಅಲ್ಲಿಂದ ಮುಂದೆ ಪಿಸ್ಟನ್‌ಗಳೂ ಅಲ್ಯೂಮಿನಿಯಮ್ಮೇ. ಎಂಜಿನ್ ಆಯಿಲ್ ಮುಚ್ಚಳದ ಕೆಳಗೆ ಹಾಲುಬಣ್ಣದ ಜಿಡ್ಡು ಕಂಡರೆ ಆಯಿಲ್ ಬದಲಿಸಿ.

ಜಾಡಿ ಸೀಳಿದ್ದರೆ, ಮುಚ್ಚಳ ಹಾರಿದ್ದರೆ ರಿಪೇರಿ ಮಾತೇ ಬೇಡ. ಬೆಂಕಿ ಪೈಪಿನಲ್ಲಿ ಹಿಂದಕ್ಕೆ ಓಡಿ ಬಂದಿದೆ ಎಂದರ್ಥ. ಅದನ್ನು ತಡೆಯಲು ಜಾಡಿಗೂ ಎಂಜಿನ್ನಿಗೂ ನಡುವೆ ನೀರು ತುಂಬಿದ ಬಬ್ಲರ್ ಇಟ್ಟಿರುತ್ತಾರೆ. ಅದು ಕೆಲಸ ಮಾಡುವುದು ನೀರು ಇರುವ ತನಕ. ಒಣಗಿದ ಬಬ್ಲರ್ ಇದ್ದರೂ ಇಲ್ಲದಂತೆ.

‘ಎಲ್ಲ ಸರಿಯಿದೆ, ಆದರೆ ಮೈಲೇಜ್ ಏರಿಲ್ಲ’

ಇದನ್ನು ದೋಷದ ಪಟ್ಟಿಗೆ ಸೇರಿಸುವುದೇ ತಪ್ಪು. ಸರಿಯಾಗಿ ಕೆಲಸ ಮಾಡುವ ಕಿಟ್ ಕೊಡುವುದೇ ಈ ಫಲಿತಾಂಶ. ಲೆಕ್ಕ ಹಾಕೋಣ.

ಏಳು ಸೆಲ್‌ಗಳ ಒಳ್ಳೆಯ ಕಿಟ್ (ಎರಡು ಪ್ಲೇಟುಗಳ ನಡುವಿನ ಒಂದೊಂದು ನೀರಿನ ಜಾಗವೂ ಒಂದು ಸೆಲ್), 13.8 ವೋಲ್ಟ್, 20 ಆಂಪ್. ಅಂದರೆ 276 ವಾಟ್. ಫ್ಯಾರಡೆಯ ನಿಯಮದ ಪ್ರಕಾರ ಒಂದು ಸೆಲ್‌ನಲ್ಲಿ ಒಂದು ಆಂಪ್ ಒಂದು ಗಂಟೆ ಹರಿದರೆ 0.627 ಲೀಟರ್ ಮಿಶ್ರ ಗ್ಯಾಸ್ ಬರುತ್ತದೆ. ಯಾವ ಪ್ಲೇಟ್, ಯಾವ ಫ್ರೀಕ್ವೆನ್ಸಿ, ಯಾವ ‘ರಹಸ್ಯ ಸರ್ಕಿಟ್’ ಹಾಕಿದರೂ ಇದನ್ನು ಮೀರಲಾಗದು. ಹಾಗಾಗಿ ಈ ಕಿಟ್ಟಿನಿಂದ ಗಂಟೆಗೆ ಸುಮಾರು 88 ಲೀಟರ್, ನಿಮಿಷಕ್ಕೆ ಒಂದೂವರೆ ಲೀಟರ್. ಅದರಲ್ಲಿರುವ ಹೈಡ್ರೋಜನ್ ಗಂಟೆಗೆ 5 ಗ್ರಾಂ ಚಿಲ್ಲರೆ. ಅದರ ಶಕ್ತಿ ಎಷ್ಟು? ಸುಮಾರು 20 ಮಿಲಿಲೀಟರ್ ಪೆಟ್ರೋಲಿನಷ್ಟು.

ಈಗ ಖರ್ಚು. 276 ವಾಟ್ ಕೊಡಲು ಆಲ್ಟರ್ನೇಟರ್ ಎಂಜಿನ್ನಿನಿಂದ ಸುಮಾರು 500 ವಾಟ್ ಎಳೆಯುತ್ತದೆ. ಅದರ ದಕ್ಷತೆ 55 ಪರ್ಸೆಂಟ್ ಆಸುಪಾಸು. ಎಂಜಿನ್ ಪೆಟ್ರೋಲಿನ ಶಕ್ತಿಯಲ್ಲಿ ಧಾರಾಳವಾಗಿ ಮೂರರಲ್ಲೊಂದು ಪಾಲನ್ನು ಕೆಲಸಕ್ಕೆ ತಿರುಗಿಸುತ್ತದೆ ಎಂದೇ ಇಟ್ಟುಕೊಳ್ಳಿ. ಆಗಲೂ 1,500 ವಾಟಿನಷ್ಟು ಪೆಟ್ರೋಲ್ ಸುಡಬೇಕು. ಗಂಟೆಗೆ 170 ಮಿಲಿಲೀಟರ್. 170 ಕೊಟ್ಟು 20 ವಾಪಸ್. ಗಂಟೆಗೆ 50 ಕಿ.ಮೀ. ವೇಗದಲ್ಲಿ ಲೀಟರಿಗೆ 18 ಕೊಡುತ್ತಿದ್ದ ಕಾರು ಕಿಟ್ ಹಾಕಿದ ಮೇಲೆ 17ಕ್ಕೆ ಇಳಿಯಬೇಕು.

‘ಹೈಡ್ರೋಜನ್ ಶಕ್ತಿಗಾಗಿ ಅಲ್ಲ ಸಾರ್, ಪೆಟ್ರೋಲ್ ಪೂರ್ತಿ ಉರಿಯಲಿ ಅಂತ’ ಎನ್ನುವವರಿದ್ದಾರೆ. ಬಿಸಿಯಾದ ಎಂಜಿನ್ನಿನಲ್ಲಿ ಪೆಟ್ರೋಲ್ ಉರಿಯದೆ ಹೋಗುವುದು ನೂರಕ್ಕೆ ಎರಡು ಮೂರು ಪಾಲು ಅಷ್ಟೇ. ಅದಷ್ಟನ್ನೂ ಉಳಿಸಿದರೂ ಮೈಲೇಜ್ ದುಪ್ಪಟ್ಟಾಗುವುದು ಹೇಗೆ? ಶಕ್ತಿ ಪೋಲಾಗುವುದು ರೇಡಿಯೇಟರ್ ಮತ್ತು ಸೈಲೆನ್ಸರಿನ ಬಿಸಿಯಲ್ಲಿ. ಇನ್ನು ಗಾಳಿಯ ಲೆಕ್ಕ. 1.2 ಲೀಟರ್ ಎಂಜಿನ್ 2,400 ಆರ್‌ಪಿಎಂನಲ್ಲಿ ನಿಮಿಷಕ್ಕೆ 1,440 ಲೀಟರ್ ತನಕ ಎಳೆಯಬಲ್ಲದು. ಅರ್ಧ ಥ್ರಾಟಲ್‌ನಲ್ಲಿ ಅದರ ಅರ್ಧ ಎಂದುಕೊಂಡರೂ ಒಂದೂವರೆ ಲೀಟರ್ ಗ್ಯಾಸ್ ಯಾವ ಮೂಲೆಗೆ?

ಹೈಡ್ರೋಜನ್ ಬೆರೆಸಿದರೆ ಎಂಜಿನ್ ಕಡಿಮೆ ಪೆಟ್ರೋಲಿನ ಮಿಶ್ರಣದಲ್ಲೂ ಸರಾಗವಾಗಿ ಓಡುತ್ತದೆ ಎನ್ನುವುದು ಸುಳ್ಳಲ್ಲ. ನಾಸಾ 1977ರಲ್ಲೇ ಇದನ್ನು ಪರೀಕ್ಷಿಸಿದೆ. ಮಾರುವವರು ತೋರಿಸುವುದೂ ಆ ವರದಿಯನ್ನೇ. ಆದರೆ ಅಲ್ಲಿ ಹೈಡ್ರೋಜನ್ ಬಂದದ್ದು ಸಿಲಿಂಡರಿನಿಂದ ಮತ್ತು ಮೆಥನಾಲ್‌ನಿಂದ, ಆಲ್ಟರ್ನೇಟರಿನ ಕರೆಂಟಿನಿಂದಲ್ಲ. ಎಂಜಿನ್ನಿಗೆ ನೀರು ಚಿಮ್ಮಿಸುವುದೂ ನಿಜವಾದ ತಂತ್ರವೇ. ಎರಡನೇ ಮಹಾಯುದ್ಧದ ವಿಮಾನಗಳಲ್ಲಿತ್ತು, 2016ರ ಬಿಎಂಡಬ್ಲ್ಯೂ ಎಂ4 ಜಿಟಿಎಸ್ ಕಾರಿನಲ್ಲೂ ಇತ್ತು. ಅದು ನಾಕಿಂಗ್ ತಡೆಯಲು ತಂಪು ಮಾಡುವ ಉಪಾಯ. ಅಲ್ಲಿ ನೀರು ಇಂಧನ ಅಲ್ಲ.

ನೀರಿನಿಂದಲೇ ಕಾರು ಓಡಿಸುವೆ ಎಂದ ಅಮೆರಿಕದ ಸ್ಟ್ಯಾನ್ಲಿ ಮೆಯರ್ ಮೇಲೆ ಹಣ ಹೂಡಿದವರೇ ಕೇಸು ಹಾಕಿದರು. ತಜ್ಞರು ಬಿಚ್ಚಿ ನೋಡಿದಾಗ ಒಳಗಿದ್ದದ್ದು ಮಾಮೂಲಿ ಎಲೆಕ್ಟ್ರಾಲಿಸಿಸ್. 1996ರಲ್ಲಿ ಒಹಾಯೋ ಕೋರ್ಟು ಇದು ಘೋರ ವಂಚನೆ ಎಂದು ಹೇಳಿ 25,000 ಡಾಲರ್ ವಾಪಸ್ ಕೊಡಿಸಿತು. ಅದೇ ವರ್ಷ ಪಕ್ಕದ ತಮಿಳುನಾಡಿನಲ್ಲಿ ಗಿಡಮೂಲಿಕೆ, ನೀರು ಸೇರಿಸಿ ಪೆಟ್ರೋಲ್ ಮಾಡುವೆ ಎಂದ ರಾಮರ್ ಪಿಳ್ಳೈಯ ಮೂಲಿಕೆ ಪೆಟ್ರೋಲ್ ದೇಶವೆಲ್ಲ ಸುದ್ದಿಯಾಗಿತ್ತು. ಅವರಿಗೆ ಚೆನ್ನೈ ಕೋರ್ಟು ಶಿಕ್ಷೆ ವಿಧಿಸಿದ್ದು 2016ರಲ್ಲಿ.

‘ಇಲ್ಲ, ನನಗೆ ನಿಜವಾಗಿಯೂ ಏರಿದೆ’ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ ಎಂದು ನಾನು ಅಂದುಕೊಳ್ಳುವುದಿಲ್ಲ. ಕಿಟ್ ಹಾಕುವ ದಿನವೇ ಪ್ಲಗ್, ಏರ್ ಫಿಲ್ಟರ್ ಬದಲಿಸಿರುತ್ತಾರೆ, ಟೈರಿಗೆ ಗಾಳಿ ತುಂಬಿಸಿರುತ್ತಾರೆ. ದುಡ್ಡು ಹಾಕಿದ ಮೇಲೆ ಮೀಟರ್ ನೋಡುತ್ತಾ ಮೆತ್ತಗೆ ಓಡಿಸುತ್ತಾರೆ. ಸೆನ್ಸರ್ ಪೆಟ್ಟಿಗೆ ಪೆಟ್ರೋಲ್ ಕತ್ತರಿಸಿರುತ್ತದೆ. ಡ್ಯಾಶ್‌ಬೋರ್ಡಿನ ಮೈಲೇಜ್ ಅಂಕಿ ಇಂಜೆಕ್ಟರ್ ಸಮಯದ ಅಂದಾಜು ಅಷ್ಟೇ, ಅದನ್ನು ನಂಬಬೇಡಿ.

ಸರಿಯಾಗಿ ಅಳೆಯಬೇಕಾದರೆ ಒಂದೇ ಬಂಕಿನಲ್ಲಿ, ಒಂದೇ ಪಂಪಿನಲ್ಲಿ, ಆಟೋ ಕಟ್ ಆಗುವವರೆಗೆ ಟ್ಯಾಂಕ್ ಫುಲ್ ಮಾಡಿಸಿ. ಸೆನ್ಸರ್ ಪೆಟ್ಟಿಗೆ ತೆಗೆದಿರಲಿ. ಕಿಟ್ಟಿನ ಸ್ವಿಚ್ಚನ್ನು ನಿಮಗೆ ಕಾಣದ ಜಾಗದಲ್ಲಿಡಿ. ಪ್ರತಿ ಟ್ಯಾಂಕಿಗೆ ಮನೆಯವರು ಯಾರಾದರೂ ನಾಣ್ಯ ಚಿಮ್ಮಿ ಆನೋ ಆಫೋ ಮಾಡಿ ಬರೆದಿಟ್ಟುಕೊಳ್ಳಲಿ, ನಿಮಗೆ ಹೇಳಬಾರದು. ಆನ್, ಆಫ್ ಎರಡಕ್ಕೂ ನಾಲ್ಕೈದು ಟ್ಯಾಂಕ್ ಆದ ಮೇಲೆ ಚೀಟಿ ತೆರೆದು ನೋಡಿ. ಕಿಟ್ ಮಾರಿದವರನ್ನು ಈ ಪರೀಕ್ಷೆಗೆ ಒಪ್ಪಿಸಿ ನೋಡಿ, ಅದೂ ಒಂದು ಪರೀಕ್ಷೆಯೇ.

ತೆಗೆಯುವಾಗ

ಫ್ಯೂಸ್, ರಿಲೇ, ವೈರು ಎಲ್ಲ ಬಿಚ್ಚಿ. ಮ್ಯಾನಿಫೋಲ್ಡಿಗೆ ಕೊರೆದ ತೂತಿಗೆ ಥ್ರೆಡ್ ಹೊಡೆಸಿ ಬೋಲ್ಟ್ ಹಾಕಿಸಿ. ಎಂ-ಸೀಲ್ ಬಿಸಿಗೆ ಬಿರುಕು ಬಿಡುತ್ತದೆ. ಕೊರೆಯುವಾಗ ಬಿದ್ದ ಲೋಹದ ಚೂರು ಒಳಗಿದ್ದರೆ ಅನಾಹುತ, ಹಾಗಾಗಿ ಮ್ಯಾನಿಫೋಲ್ಡ್ ಬಿಚ್ಚಿಯೇ ಮಾಡಿಸಿ. ಜಾಡಿ ಕೂತಿದ್ದ ಜಾಗದ ಸುತ್ತ ಕಾಸ್ಟಿಕ್ ಚೆಲ್ಲಿ ಪೇಂಟ್ ಎದ್ದಿದೆಯಾ ನೋಡಿ. ಗ್ಲೌಸ್ ಹಾಕಿಕೊಂಡು ತೊಳೆದು, ವಿನೆಗರ್ ಒರೆಸಿ, ಮತ್ತೆ ತೊಳೆಯಿರಿ. ವಿನೆಗರ್ ಬಾಡಿಯ ಲೋಹಕ್ಕೆ, ನೆನಪಿರಲಿ, ನಿಮ್ಮ ಮೈಗಲ್ಲ.

ವಾರಂಟಿ ಇರುವ ಕಾರಾದರೆ ಇದನ್ನು ಬೇಗ ಮಾಡುವುದು ಒಳ್ಳೆಯದು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾದ ಮಾರ್ಪಾಡನ್ನು ಒಪ್ಪುವುದಿಲ್ಲ. ಸಿಎನ್‌ಜಿ, ಎಲ್‌ಪಿಜಿ ಕಿಟ್‌ಗಳಿಗೆ ಮಂಜೂರಾತಿ ಇರುತ್ತದೆ, ಆರ್‌ಸಿಯಲ್ಲಿ ಬರೆಸುತ್ತಾರೆ. ಮನೆಯಲ್ಲಿ ಮಾಡಿದ ಜಾಡಿಗೆ ಆ ದಾರಿ ಇಲ್ಲ. ಕಾರಿಗೆ ಬೆಂಕಿ ಬಿದ್ದರೆ ಇನ್ಶೂರೆನ್ಸ್ ಸರ್ವೇಯರ್ ಮೊದಲು ಕೇಳುವುದು ಆ ವೈರು ಏನು ಎಂದೇ.

ಎಲ್ಲ ತೆಗೆದು ಕೋಡ್ ಅಳಿಸಿದ ಮೇಲೆ ಸುಮಾರು 200 ಕಿ.ಮೀ. ಓಡಿಸಿ, ಫ್ಯೂಯೆಲ್ ಟ್ರಿಮ್ ಮತ್ತೆ ಓದಿ. ಪ್ಲಸ್ ಮೈನಸ್ 10ರೊಳಗೆ ಬಂದರೆ ಕೆಲಸ ಮುಗಿಯಿತು. ಐಡಲಿಂಗಿನಲ್ಲಿ ಮಾತ್ರ ಮೇಲಿದ್ದು, 2,500 ಆರ್‌ಪಿಎಂನಲ್ಲಿ ಸರಿಹೋದರೆ ಎಲ್ಲೋ ಇನ್ನೂ ಕಳ್ಳಗಾಳಿ ಇದೆ. ಮುಚ್ಚಿದ ತೂತನ್ನೂ ಮ್ಯಾನಿಫೋಲ್ಡ್ ಗ್ಯಾಸ್ಕೆಟ್ಟನ್ನೂ ನೋಡಿ. ಎರಡರಲ್ಲೂ ಮೇಲಿದ್ದರೆ ಇಂಧನದ ಪ್ರೆಷರ್ ಅಥವಾ ಆಕ್ಸಿಜನ್ ಸೆನ್ಸರ್ ನೋಡಿ. ಟ್ರಿಮ್ ಸರಿಯಿದ್ದೂ ಮೈಲೇಜ್ ಕಡಿಮೆ ಎನಿಸಿದರೆ ಒಂದು ಸುತ್ತು ಓಡಿಸಿ ಬಂದು ನಾಲ್ಕೂ ಚಕ್ರದ ಬಳಿ ಕೈ ಹಿಡಿಯಿರಿ. ಒಂದು ಮಾತ್ರ ಬಿಸಿಯಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಟೆಂಪರೇಚರ್ ಮುಳ್ಳು ಎಷ್ಟು ಓಡಿಸಿದರೂ ಕೆಳಗೇ ಇದ್ದರೆ ಥರ್ಮೋಸ್ಟಾಟ್ ತೆರೆದೇ ನಿಂತಿದೆ, ಬದಲಿಸಿ.